ಸಾವ್ಕಾರರ ಡ್ರೆಸ್ಸಿಂಗ್

ಕೋವಿಡ್ ವಾರ್ಡುಗಳನ್ನು ಮುಚ್ಚಿದ ಮರುವರ್ಷ ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಅದು ನನ್ನ ಸೇವೆಯ ಹದಿನೇಳನೇ ವರ್ಷ. ಮನೆ ಹರಿಹರದಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಆಪರೇಷನ್ ಆದವರ ಗಾಯ ತೊಳೆದು ಡ್ರೆಸ್ಸಿಂಗ್ ಮಾಡುವುದು ನನ್ನ ಮುಖ್ಯ ಕೆಲಸ. ನನ್ನ ಕೈ ಹಗುರ ಎಂದು ರೋಗಿಗಳು ಹೇಳುತ್ತಿದ್ದರು. ಆ ಬಗ್ಗೆ ನನಗೆ ಜಂಬವೂ ಇತ್ತು. ಅದೇ ಕೈಯಿಂದ ಒಬ್ಬರಿಗೆ ಬೇಕೆಂದೇ ನೋವು ಕೊಟ್ಟ ಪ್ರಸಂಗ ಇದು.

ಒಂದು ಸೋಮವಾರ ಹರಿಹರದ ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರು ದಾಖಲಾದರು. ಹೆಸರು ಬೇಡ; ಭಟ್ಟಿಯ ಆಳುಗಳು ಕರೆಯುತ್ತಿದ್ದಂತೆ ಸಾವ್ಕಾರರು ಎನ್ನುತ್ತೇನೆ. ಅವರಿಗಿದ್ದದ್ದು ಫಿಸ್ಟುಲಾ. ಹಲವರು ಇದನ್ನು ಫಿಷರ್ ಎಂದು ತಪ್ಪು ತಿಳಿಯುತ್ತಾರೆ. ಫಿಷರ್ ಎಂದರೆ ಗುದದ್ವಾರದ ಅಂಚು ಸೀಳುವುದು. ಅನೇಕ ಸಲ ಔಷಧಿಯಲ್ಲೇ ವಾಸಿಯಾಗುತ್ತದೆ. ಫಿಸ್ಟುಲಾ ಹಾಗಲ್ಲ. ಒಳಗೆ ಕೀವುಗಟ್ಟಿ, ಗುದದ್ವಾರದಿಂದ ಪಕ್ಕದ ಚರ್ಮಕ್ಕೆ ಸುರಂಗದಂಥ ದಾರಿ ಮಾಡಿಕೊಳ್ಳುತ್ತದೆ. ಅಲ್ಲಿಂದ ಕೀವು ಒಸರುತ್ತದೆ, ಬಟ್ಟೆ ಒದ್ದೆಯಾಗುತ್ತದೆ, ವಾಸನೆ ಬರುತ್ತದೆ. ಸಾಮಾನ್ಯವಾಗಿ ಆಪರೇಷನ್ನೇ ಗತಿ.

ಬಿ.ಪಿ. ನೋಡಲು ಹೋದಾಗ ಸಾವ್ಕಾರರು ದನಿ ತಗ್ಗಿಸಿದರು. "ಸಿಸ್ಟರ್, ಬಾಗ್ಲು ಹಾಕ್ರಿ. ಹೊರಗೆ ನಮ್ಮ ಬೀಗರು ಕುಂತಾರೆ. ವಾಸ್ನೆ ಬರ್ತೈತೇನ್ರಿ?"

ನಾನು ಹೋಗಿ ಬಾಗಿಲು ಹಾಕಿ ಬಂದೆ. ಮಾಸ್ಕ್ ಹಾಕಿದ್ದ ನನ್ನ ಗುರುತು ಅವರಿಗೆ ಸಿಗಲಿಲ್ಲ. ನನಗೆ ಅವರ ಗುರುತು ಸಿಕ್ಕಿತ್ತು.

ನನ್ನ ಅವ್ವ ಹನುಮಕ್ಕ ಹದಿನಾಲ್ಕು ವರ್ಷ ಅವರ ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿದವಳು. ಅವಳಿಗೂ ಇದೇ ಕಾಯಿಲೆ. ಹಳೆ ಬಟ್ಟೆ ಮಡಿಚಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ರಜೆಯ ದಿನ ನಾನು ಬುತ್ತಿ ಕೊಡಲು ಹೋಗಿದ್ದೆ. ನನ್ನೆದುರೇ, ಎಲ್ಲ ಆಳುಗಳೆದುರೇ, ಸಾವ್ಕಾರರು ಮೂಗಿಗೆ ಟವೆಲ್ ಹಿಡಿದು, "ಹನುಮಕ್ಕ, ನಾಳಿಂದ ಬರಬ್ಯಾಡ. ನಿನ್ನ ನಾತ ಮಂಡಕ್ಕಿಗೆ ಹತ್ತೈತೆ" ಎಂದರು. ಕೆಲವರು ನಕ್ಕರು. ಅಂದಿನಿಂದ ಅವ್ವ ಯಾರ ಮದುವೆಗೂ ಹೋಗಲಿಲ್ಲ, ಬಸ್ಸಿನಲ್ಲಿ ಯಾರ ಪಕ್ಕವೂ ಕೂರಲಿಲ್ಲ. ಹೀಗೆ ಒಂಬತ್ತು ವರ್ಷ. ಡಾಕ್ಟರಿಗೆ ತೋರಿಸು ಎಂದು ನಾನು ಎಷ್ಟು ಬೇಡಿದರೂ, "ಗಂಡಸು ಡಾಕ್ಟ್ರ ಮುಂದೆ ಸೀರೆ ಎತ್ತಾದಕ್ಕಿಂತ ಹಿಂಗೇ ಸಾಯ್ತೀನಿ" ಎನ್ನುತ್ತಿದ್ದಳು.

ಮಂಗಳವಾರ ಸಾವ್ಕಾರರ ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸೊಂಟದ ಕೆಳಗೆ ಮರಗಟ್ಟಿಸಿ, ಸುರಂಗವನ್ನು ಉದ್ದಕ್ಕೆ ಸೀಳಿ ತೆರೆದರು. ಈ ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ. ತಳದಿಂದ ತಾನೇ ತುಂಬಿಕೊಂಡು ಬರಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ದಿನಕ್ಕೆ ಮೂರು ಹೊತ್ತು ಟಬ್ಬಿನ ಬೆಚ್ಚನೆ ನೀರಿನಲ್ಲಿ ಕೂರಬೇಕು, ಡ್ರೆಸ್ಸಿಂಗ್ ತಪ್ಪಿಸಬಾರದು. ಗಾಯದೊಳಗೆ ತುಂಬಿದ ಗಾಜ್ ಬಟ್ಟೆಯನ್ನು ತೆಗೆಯಲು ಒಂದು ಕ್ರಮವಿದೆ: ನೋವಿನ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಕಾದು, ಸಲೈನ್ ಸುರಿದು ನೆನೆಸಿ, ನಿಧಾನಕ್ಕೆ ಬಿಡಿಸಬೇಕು. ಒಣಗಿದ್ದನ್ನು ಎಳೆದರೆ ಹಸಿ ಮಾಂಸವೇ ಕಿತ್ತು ಬಂದಂತಾಗುತ್ತದೆ.

ಬುಧವಾರ ಬೆಳಿಗ್ಗೆ ಇಂಜೆಕ್ಷನ್ ಕೊಟ್ಟೆ. ಕಾಯಲಿಲ್ಲ. ಸಲೈನ್ ಬಾಟಲಿ ಟ್ರೇಯಲ್ಲೇ ಇತ್ತು, ಮುಟ್ಟಲಿಲ್ಲ. ಬಟ್ಟೆಯ ತುದಿ ಹಿಡಿದು ಎಳೆದೆ.

ಸಾವ್ಕಾರರ ಕೂಗು ಕಾರಿಡಾರಿನ ಕೊನೆಯವರೆಗೆ ಕೇಳಿತು. ರಕ್ತ ಜಿನುಗಿತು. "ಸ್ವಲ್ಪ ತಡ್ಕಳ್ರಿ" ಎಂದೆ. ಸುಳ್ಳು ಹೇಳುವುದಿಲ್ಲ, ಹಸಿದವಳಿಗೆ ಊಟ ಸಿಕ್ಕಷ್ಟು ಹಿತವಾಯಿತು.

ಗುರುವಾರ ಟ್ರೇ ಕಂಡ ಕೂಡಲೇ ಅವರು ಹೆದರಿದ ಮುಖ ಮಾಡಿ ಮಂಚದ ಕಂಬಿ ಹಿಡಿದುಕೊಂಡರು. ಆಗ ಕೇಳಿದೆ: "ಹನುಮಕ್ಕ ನೆನಪೈತಾ? ನಿಮ್ಮ ಭಟ್ಟಿಯಾಗೆ ಜರಡಿ ಹಿಡೀತಿದ್ಲು. ನಾತ ಅಂತ ಓಡಿಸಿದ್ರಲ್ಲ."

ಅವರು ನಿಜವಾಗಿಯೂ ಯೋಚಿಸಿದರು. "ಯಾವ ಹನುಮಕ್ಕ? ಎಷ್ಟೋ ಮಂದಿ ಬರ್ತಾರೆ, ಹೋಗ್ತಾರೆ ಸಿಸ್ಟರ್. ನೆನಪಿಲ್ರಿ."

ಯಾವ ಮಾತಿಗೆ ನನ್ನ ಅವ್ವ ಒಂಬತ್ತು ವರ್ಷ ಮನೆಯೊಳಗೆ ಕೂತಳೋ ಅದು ಇವರಿಗೆ ನೆನಪೂ ಇಲ್ಲ. ಅವತ್ತೂ ಒಣ ಬಟ್ಟೆಯನ್ನೇ ಎಳೆದೆ, ಹಿಂದಿನ ದಿನಕ್ಕಿಂತ ಜೋರಾಗಿ.

ರೋಗಿಯ ವಿಷಯ ಆಸ್ಪತ್ರೆಯ ಗೇಟು ದಾಟಬಾರದು. ಆ ಸಂಜೆ ಅದನ್ನೂ ಮುರಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಸಾವ್ಕಾರ ನಮ್ಮ ವಾರ್ಡಿನಾಗೆ ಮಲಗ್ಯಾನ. ನಿನ್ನದೇ ಕಾಯಿಲೆ" ಎಂದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೇಳಿದಳು: "ಡಾಕ್ಟ್ರಿಗೆ ತೋರಿಸಿದ್ನಾ? ಬಟ್ಟೆ ಬಿಚ್ಚಿ?"

"ಹ್ಞೂಂ."

"ವಾಸಿ ಆಗ್ತೈತಂತಾ?"

"ಆಗ್ತೈತೆ."

"ಅವ್ನೇ ಬಿಚ್ಚಿ ಮಲಗಿದ್ಮ್ಯಾಲೆ ನನಗ್ಯಾವ ನಾಚ್ಕಿ? ನಾಳೆ ನನ್ನೂ ಕರ್ಕಂಡ್ ಹೋಗು."

ಖುಷಿಯಲ್ಲಿ, ಶಹಬ್ಬಾಸ್ ಎನ್ನುತ್ತಾಳೆಂದುಕೊಂಡು, ಒಣ ಬಟ್ಟೆ ಎಳೆದದ್ದನ್ನೂ ಹೇಳಿದೆ. ಅವ್ವನ ಕೈ ನಿಂತಿತು. ತವೆಯ ಮೇಲಿನ ರೊಟ್ಟಿ ಸೀಯುತ್ತಿದ್ದರೂ ತಿರುವಲಿಲ್ಲ.

"ಮಂಜಿ, ನನಗೂ ಹಂಗೇ ಎಳೀತಾರಾ?"

ಅವಳ ಮುಖದಲ್ಲಿದ್ದ ಭಯವನ್ನು ಆ ಬೆಳಿಗ್ಗೆಯಷ್ಟೇ ಇನ್ನೊಬ್ಬರ ಮುಖದಲ್ಲಿ ನೋಡಿ ನಾನು ಸಂತೋಷಪಟ್ಟಿದ್ದೆ.

ಶುಕ್ರವಾರ ಎಲ್ಲವನ್ನೂ ನಮ್ಮ ಸರ್ಜನ್‌ಗೆ ಹೇಳಿದೆ. ಅವರು ಕೂಗಾಡಲಿಲ್ಲ. "ಒಂದು ತಿಂಗಳು ಡ್ರೆಸ್ಸಿಂಗ್ ಟ್ರೇ ಮುಟ್ಟಬೇಡಿ" ಎಂದರು, ಮೆಮೊ ಕೊಟ್ಟರು. ಸಾವ್ಕಾರರ ಬಳಿ ಕರೆದೊಯ್ದು, ನಡೆದದ್ದನ್ನು ಹೇಳಿಸಿ ಕ್ಷಮೆ ಕೇಳಿಸಿದರು. ಕೇಳಿದೆ, ಮನಸಾರೆ ಕೇಳಿದೆ ಎನ್ನಲಾರೆ.

ನೆನೆಸಿಯೇ ಬಿಡಿಸುತ್ತಾರೆಂದು ಮಾತು ಕೊಟ್ಟ ಮೇಲೆ ಅವ್ವ ಆಸ್ಪತ್ರೆಗೆ ಬಂದಳು. ಅವಳದು ಕಷ್ಟದ ಕೇಸು. ಎಂ.ಆರ್.ಐ. ಮಾಡಿಸಿದಾಗ ಸುರಂಗವು ಮಲ ಹಿಡಿದಿಡುವ ಸ್ನಾಯುವಿನೊಳಗೇ ಹಾದುಹೋಗಿದ್ದು ಕಂಡಿತು. ಅದನ್ನು ಒಮ್ಮೆಲೇ ಕೊಯ್ದರೆ ಹಿಡಿತ ತಪ್ಪುತ್ತದೆ. ಸೆಟಾನ್ ಎಂಬ ದಾರ ಪೋಣಿಸಿ, ವಾರಗಟ್ಟಲೆ ಬಿಟ್ಟು, ಎರಡನೇ ಆಪರೇಷನ್ ಮಾಡಿದರು. ಪೂರ್ತಿ ಒಣಗಲು ನಾಲ್ಕೂವರೆ ತಿಂಗಳಾಯಿತು.

ಅವ್ವನ ಕೊನೆಯ ತಪಾಸಣೆಯ ದಿನ ಓ.ಪಿ.ಡಿ. ಬೆಂಚುಗಳು ತುಂಬಿದ್ದವು. ಸಾವ್ಕಾರರೂ ಫೈಲು ಹಿಡಿದು ಬಂದರು. ಅವ್ವ ಕೂತಲ್ಲಿಂದಲೇ ಗಟ್ಟಿಯಾಗಿ ಕರೆದಳು: "ಏನ್ ಸಾವ್ಕಾರ್ರೆ, ನಿಮಗೂ ಅದೇ ಕಾಯಿಲೆನಾ? ಬರ್ರಿ, ಇಲ್ಲೇ ಕೂಡ್ರಿ. ಈ ಹನುಮಕ್ಕನ ನಾತ ಹೋತು. ನಿಮ್ದು ಹೋತಾ?"

ಇಡೀ ಬೆಂಚು ತಿರುಗಿತು. ಈಗ ಅವರಿಗೆ ಹನುಮಕ್ಕ ಯಾರೆಂದು ನೆನಪಾಯಿತು. ಅವರು ಕೂರಲಿಲ್ಲ, ಗೋಡೆ ಕಡೆ ಮುಖ ಮಾಡಿ ನಿಂತರು. ನಾನು ಅವ್ವನನ್ನು ಸುಮ್ಮನಾಗಿಸಬಹುದಿತ್ತು. ಸುಮ್ಮನಾಗಿಸಲಿಲ್ಲ. ಅವಮಾನ ಅವಳದು, ಸೇಡೂ ಅವಳದೇ. ಅವಳ ಕೈಯಲ್ಲಿ ಯಾರ ಗಾಯವೂ ಇರಲಿಲ್ಲ.

ಸಾವ್ಕಾರರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ನಾಳೆ ಅವರೇ ಮತ್ತೆ ಬಂದು ಮಲಗಿದರೂ ಗಡಿಯಾರ ನೋಡಿ ಅರ್ಧ ಗಂಟೆ ಕಾಯುತ್ತೇನೆ, ಸಲೈನ್ ಸುರಿಯುತ್ತೇನೆ. ಕ್ಷಮಿಸದವರ ಗಾಯವನ್ನೂ ನೋಯಿಸದೆ ತೊಳೆಯಬಹುದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ.