ಘಾಟು ಬಾರದ ಮೆಣಸಿನಕಾಯಿ

ಖಾರಪುಡಿಗೆಂದು ಹುರಿಯುತ್ತಿದ್ದ ಮೆಣಸಿನಕಾಯಿ ಈಗಷ್ಟೇ ಸೀದುಹೋಯಿತು. ಇಪ್ಪತ್ತು ವರ್ಷದಿಂದ ನನ್ನ ಜೊತೆ ಬಾಳುತ್ತಿರುವ ಸರೋಜ ಸೆರಗನ್ನು ಮೂಗಿಗೆ ಹಿಡಿದು, "ನಿನ್ನ ಒಲಿ ಮುಂದ ನಿಲ್ಲಸೂದ ತಪ್ಪು" ಎಂದು ಬೈಯುತ್ತ ಹೊರಗೆ ಹೋದಳು. ಬೈಯಲಿ. ನನಗೆ ಅವ್ವ ನೆನಪಾದಳು.

ಅವ್ವ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತೊಂಬತ್ತರ ದಶಕದ ಮೊದಲಲ್ಲಿ ಒಮ್ಮೆ, ನನ್ನನ್ನು ನೋಡಲು ರಾಣೆಬೆನ್ನೂರಿನಿಂದ ಗಂಡಿನವರು ಬರುತ್ತಾರೆಂದು ಗೊತ್ತಾದಾಗ ಹೇಳಿಬಿಟ್ಟೆ: "ಅವ್ವ, ನನಗ ಗಂಡಸರ ಮ್ಯಾಲ ಮನಸ್ಸ ಹೋಗಂಗಿಲ್ಲ. ಹೆಣ್ಣಮಕ್ಕಳ ಮ್ಯಾಲ ಹೋಗತೈತಿ. ಈ ಮದುವಿ ಬ್ಯಾಡ."

ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಕೈ ಒರೆಸಿಕೊಂಡು, "ಯಾರದೋ ದೃಷ್ಟಿ ತಾಗೈತಿ, ಕುಂದ್ರು" ಅಂದಳು.

ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ಇದೆ. ನೀವೇ ಹೇಳಿ, ಬ್ಯಾಡಗಿ ಕಾಯಿಗೆ ಎಲ್ಲಿಯ ಘಾಟು? ಅದು ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಮಂಗಳವಾರ ಘಾಟಿಲ್ಲ, ಶುಕ್ರವಾರ ಘಾಟಿಲ್ಲ, ಅಮಾವಾಸ್ಯೆಗಂತೂ ಇಲ್ಲವೇ ಇಲ್ಲ. ಪ್ರತಿ ಸಲವೂ ಅವ್ವ, "ನೋಡು, ಭಾರಿ ದೃಷ್ಟಿ ಐತಿ" ಅನ್ನುವಳು. ಹೆತ್ತ ಮಗಳ ಮಾತಿಗಿಂತ ಕೆಂಡದ ಮಾತೇ ಅವಳಿಗೆ ಖರೆ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಗಂಡಿನವರು ಬರಲು ಎರಡೇ ದಿನ ಉಳಿದಾಗ ಹಾವೇರಿಗೆ ಬಸ್ಸು ಹತ್ತಿದೆ. ನಮ್ಮೂರಲ್ಲಿ ಖಾರದ ಕಾಯಿ ಕೊಂಡರೆ ಅವ್ವನಿಗೆ ಸುದ್ದಿ ಮುಟ್ಟುತ್ತಿತ್ತು. ಅಲ್ಲಿಂದ ಗುಂಟೂರು ಕಾಯಿ ತಂದು, ಅವ್ವ ನಿವಾಳಿಸಲು ಕೂತಾಗ ಅದನ್ನೇ ಅವಳ ಕೈಗಿತ್ತೆ. ಅವ್ವ ಕಾಯಿಯನ್ನು ಬೆರಳಲ್ಲಿ ಒಮ್ಮೆ ಹೊರಳಿಸಿ, ನನ್ನ ಮುಖ ನೋಡಿ, ಕೆಂಡಕ್ಕೆ ಹಾಕಿದಳು. ಓಣಿಯ ನಾಯಿಯೂ ಸೀನಿತು.

"ದೃಷ್ಟಿ ಇಲ್ಲ ಬಿಡು," ಅವ್ವ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡಳು. "ನೀ ಇರೂದ ಹಿಂಗ. ರಾಣೆಬೆನ್ನೂರಿನವ್ರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ತೇನಿ. ಮೊದ್ಲ ಬಾಗಲಾ ತಗಿ."

ಅವ್ವನಿಗೆ ಟೋಪಿ ಹಾಕಿದೆನೆಂದು ಇಷ್ಟು ವರ್ಷ ಸರೋಜಳ ಮುಂದೆ ಜಂಬ ಕೊಚ್ಚಿದ್ದೇನೆ. ಈಗ ಮತ್ತೆ ಹುರಿಯಲು ಬ್ಯಾಡಗಿಯದೊಂದು ಹಿಡಿ, ಗುಂಟೂರಿನದೊಂದು ಹಿಡಿ ತೆಗೆದುಕೊಂಡೆ. ಒಂದರ ಮೈಯೆಲ್ಲ ಸುಕ್ಕು, ಇನ್ನೊಂದು ನುಣುಪು. ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯುತ್ತದೆ. ಮೂವತ್ತು ವರ್ಷ ತೊಟ್ಟು ಬಿಡಿಸಿದವಳಿಗೆ ತಿಳಿಯದೆ ಇದ್ದೀತೇ? ಎಂಥ ದಡ್ಡಿ ನಾನು. ಅವ್ವ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಹೊಳೆಯಬೇಕೇ ಇದು?

"ಸರೋಜಾ, ನಮ್ಮವ್ವಗ ಗೊತ್ತಿತ್ತು," ಎಂದು ಕೂಗಿದೆ.

"ಏನ ಗೊತ್ತಿತ್ತು?" ಅವಳು ಕೆಮ್ಮುತ್ತಲೇ ಒಳಗೆ ಬಂದು ನನ್ನ ಒದ್ದೆ ಕಣ್ಣು ನೋಡಿದಳು.

"ಘಾಟು," ಎಂದೆ.