ಶಿಡ್ಲಘಟ್ಟದಲ್ಲಿ ಸದ್ದು ತಗ್ಗಿಸುವ ಆವಲಪ್ಪ

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಗಿನ ಐದಕ್ಕೇ ಬಾಗಿಲು ತೆಗೆಯುವ ಅಂಗಡಿಯೊಂದಿದೆ. ಟೀ ಅಂಗಡಿಯಲ್ಲ, ಹಾಲಿನ ಡೇರಿಯೂ ಅಲ್ಲ. ಒಳಗೆ ಕಡಪಾ ಕಲ್ಲಿನ ನೆಲ, ಒಂದು ಮೇಜು, ಮೇಜಿನ ಮೇಲೆ ಒಂದು ಮೇಣದಬತ್ತಿ. ಕರೆಂಟು ಇದೆ. ಆದರೂ ಆವಲಪ್ಪ ಟ್ಯೂಬ್‌ಲೈಟ್ ಹಾಕುವುದಿಲ್ಲ. ಅದು ಗುಂಯ್ ಎನ್ನುತ್ತದೆ, ಆ ಗುಂಯ್ ಅವರ ಕೆಲಸಕ್ಕೆ ಅಡ್ಡ ಬರುತ್ತದೆ. ನಿನ್ನೆ ರಾತ್ರಿ ರಿಪೇರಿ ಮಾಡಿಟ್ಟ ಹನ್ನೊಂದು ಇಯರ್‌ಫೋನುಗಳನ್ನು ಒಂದೊಂದಾಗಿ ಎಡಗಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಾರೆ.

ಬಲಗಿವಿ ಹೋಗಿ ಆರು ವರ್ಷವಾಯಿತು. ಎಡಗಿವಿಯಲ್ಲಿ ಉಳಿದಿರುವುದು ಈ ಒಂದು ಗಂಟೆಯ ನಿಶ್ಶಬ್ದಕ್ಕೆ ಸಾಲುವಷ್ಟು ಮಾತ್ರ. ಆರಕ್ಕೆ ಚಿಂತಾಮಣಿ ಬಸ್ಸು ಸ್ಟಾರ್ಟ್ ಆದರೆ ಮುಗಿಯಿತು. ಆಮೇಲೆ ಇಯರ್‌ಫೋನು, ವಾಕ್‌ಮನ್ನು, ಎಂಪಿ ತ್ರೀ ಪ್ಲೇಯರುಗಳೆಲ್ಲ ಡಬ್ಬಕ್ಕೆ ಹೋಗುತ್ತವೆ. ಸಂಜೆಯವರೆಗೆ ಕಂಪ್ಯೂಟರ್ ಮೌಸುಗಳ ಕೆಲಸ.

“ಬಸ್ಸು, ಲಾರಿ, ಮಿಷನ್ನು, ದಪ್ಪ ಸದ್ದೆಲ್ಲ ಚೆನ್ನಾಗಿ ಕೇಳುತ್ತೆ. ಮಾತು ಕೇಳಲ್ಲ. ಹಾಡಲ್ಲಿ ಕೊಳಲು ಬಂದ್ರೆ ಬರೀ ಗಾಳಿ,” ಎನ್ನುತ್ತಾರೆ ಆವಲಪ್ಪ. ನಲವತ್ಮೂರು ವರ್ಷದ ಈ ಮನುಷ್ಯ ಮಾತಾಡುವಾಗ ನಮ್ಮ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾರೆ. ತುಟಿ ಅರ್ಥವಾಗದಿದ್ದರೆ ಪಕ್ಕದ ಸ್ಟೂಲಿನಲ್ಲಿರುವ ಹೆಂಡತಿ ಗಂಗುಲಮ್ಮ ಎಡಗಿವಿಯ ಹತ್ತಿರ ಬಾಗಿ ಇನ್ನೊಮ್ಮೆ ಹೇಳುತ್ತಾರೆ.

ಹದಿನಾರನೇ ವಯಸ್ಸಿಗೆ ಆವಲಪ್ಪ ರೇಷ್ಮೆ ಹುರಿ ಮಾಡುವ ಟ್ವಿಸ್ಟಿಂಗ್ ಕಾರ್ಖಾನೆಗೆ ಸೇರಿದರು. ಸಾಲುಸಾಲು ಸ್ಪಿಂಡಲ್ಲುಗಳು ಒಟ್ಟಿಗೆ ತಿರುಗುವ ಶೆಡ್ಡಿನಲ್ಲಿ ಪಕ್ಕದವನ ಮಾತು ಕೇಳಬೇಕಾದರೆ ಕಿರುಚಬೇಕು. ಹದಿನೆಂಟು ವರ್ಷ ಅಲ್ಲಿದ್ದರು. ವಾಕ್‌ಮನ್ ಬಂದಾಗ ಒಂದನ್ನು ಕೊಂಡು ಕಿವಿಗೆ ಹಾಕಿಕೊಂಡು ನೋಡಿದರೆ, ಮಿಷನ್ನಿನ ಸದ್ದಿನಲ್ಲಿ ಹಾಡು ಮುಳುಗಿಹೋಗುತ್ತಿತ್ತು. ಬಿಚ್ಚಿದರು. ಸದ್ದು ಮಿತಿ ಮೀರದಂತೆ ಕಂಪನಿಯವರು ಒಳಗಿಟ್ಟಿದ್ದ ಅಕ್ಕಿಕಾಳಿನಷ್ಟು ದಪ್ಪದ ರೆಸಿಸ್ಟರನ್ನು ಕಿತ್ತು, ತಂತಿಯನ್ನು ನೇರ ಕೂಡಿಸಿದರು. ಮಿಷನ್ನಿನ ಸದ್ದನ್ನೂ ಮೀರಿ ಹಾಡು ಕೇಳಿಸಿತು.

ಮುಂದಿನ ವಾರ ಶೆಡ್ಡಿನವರೆಲ್ಲ ತಂತಮ್ಮ ವಾಕ್‌ಮನ್ ಸೆಟ್ಟು ತಂದರು. ಆಮೇಲೆ ಬೇರೆ ಶೆಡ್ಡುಗಳವರು. ಅದೇ ಧೈರ್ಯದ ಮೇಲೆ 1999ರಲ್ಲಿ ಕೆಲಸ ಬಿಟ್ಟು ಈ ಅಂಗಡಿ ತೆರೆದರು. ಮಂಚೇನಹಳ್ಳಿ, ಗೌರಿಬಿದನೂರಿನಿಂದಲೂ ಜನ ಬರುತ್ತಿದ್ದರು. ಮುನ್ನೂರಕ್ಕೂ ಹೆಚ್ಚು ಸೆಟ್ಟುಗಳ ಸದ್ದು ಏರಿಸಿದ್ದಾರೆ. ಕಿತ್ತ ರೆಸಿಸ್ಟರುಗಳು ಎಂದಾದರೂ ಬೇಕಾಗಬಹುದು ಎಂದು ಉಪ್ಪಿನಕಾಯಿಯ ಗಾಜಿನ ಸೀಸೆಯೊಂದಕ್ಕೆ ಹಾಕಿಡುತ್ತಾ ಬಂದರು.

2001ರಲ್ಲಿ ಬಲಗಿವಿಯಲ್ಲಿ ಸಿಳ್ಳೆ ಹೊಡೆದಂತೆ ಆಗತೊಡಗಿತು. ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಮಿಷನ್ನಿನ ಸದ್ದು ಅರ್ಧ ತಿಂದಿದೆ, ಅದರ ಮೇಲೆ ಕೇಳಿದ ಹಾಡು ಇನ್ನರ್ಧ ತಿಂದಿದೆ, ಹೋದದ್ದು ಬರುವುದಿಲ್ಲ ಎಂದರು. ಆವಲಪ್ಪ ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಇನ್ನೂ ಎರಡು ವರ್ಷ ಸದ್ದು ಏರಿಸುವ ಕೆಲಸ ಮಾಡಿದರು.

“ಅದನ್ನೂ ಬರ್ಕೊಳ್ಳಿ,” ಎನ್ನುತ್ತಾರೆ. “ಗೊತ್ತಾದ ಮೇಲೂ ಮಾಡ್ದೆ. ಅಂಗಡಿ ನಡೀಬೇಕಿತ್ತು.”

ಈಗ ಅಂಗಡಿ ನಡೆಸುತ್ತಿರುವುದು ಮೌಸುಗಳು. ಚಿಂತಾಮಣಿಯಲ್ಲಿ ಸೈಬರ್ ಸೆಂಟರ್ ಇಟ್ಟಿರುವ ಭಾನುಪ್ರಕಾಶ್ ವಾರಕ್ಕೊಂದು ಚೀಲ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಗುಂಡು ಹಾರಿಸುವ ಆಟ ಆಡುವ ಹುಡುಗರಿಗೆ ಎಡಗಡೆಯ ಗುಂಡಿ ಮೃದುವಾಗಿರಬೇಕು, ಮೌಸು ಎಣ್ಣೆ ಹಚ್ಚಿದಂತೆ ಜಾರಬೇಕು, ಕೈಗೆ ತಕ್ಕ ತೂಕವೂ ಇರಬೇಕು. ಕಾರ್ಖಾನೆಯಲ್ಲಿ ನೂಲು ಜಾರಲೆಂದು ಹಾಕುವ ನುಣುಪು ಪ್ಲಾಸ್ಟಿಕ್ಕಿನ ಹಳೆಯ ತುಂಡುಗಳನ್ನು ಕತ್ತರಿಸಿ ಆವಲಪ್ಪ ಮೌಸಿನ ತಳಕ್ಕೆ ಅಂಟಿಸುತ್ತಾರೆ. ಒಳಗೆ ಸೀಸದ ಚೂರಿಟ್ಟು ತೂಕ ಹೊಂದಿಸುತ್ತಾರೆ. ದಿನಕ್ಕೆ ಆರೇಳು ಮೌಸು. ಬೆರಳೇ ಸಾಕು, ಕಿವಿ ಬೇಡದ ಕೆಲಸ.

“ಬೆಂಗಳೂರಲ್ಲಿ ಗೇಮಿಂಗ್ ಮೌಸ್ ತಗೊಂಡೋರು ಕೂಡ ಡಬ್ಬ ಒಡೆದು ಸೀದಾ ಆವಲಪ್ಪಣ್ಣನ ಹತ್ರ ಕಳ್ಸು ಅಂತಾರೆ,” ಎನ್ನುತ್ತಾರೆ ಭಾನುಪ್ರಕಾಶ್. “ಫೋನ್ ಮಾತ್ರ ಮಾಡಬಾರ್ದು. ಮೌಸ್ ರೆಡಿನಾ ಅಂದ್ರೆ, ನಂದಾಯ್ತು, ನಿಂದಾಯ್ತಾ ಊಟ ಅಂತಾರೆ.”

ಸ್ವಿಚ್ ಸಿಗದಿದ್ದಾಗ ಆವಲಪ್ಪ ಬಲಗುಂಡಿಯ ಸ್ವಿಚ್ಚನ್ನು ಕಿತ್ತು ಎಡಕ್ಕೆ ಹಾಕುತ್ತಾರೆ. “ಬಲಗಡೆದು ಸವೆಯೋದೇ ಇಲ್ಲ, ಯಾರೂ ಜಾಸ್ತಿ ಒತ್ತಲ್ಲ. ಕಿವಿಗೆ ಹಂಗೆ ಮಾಡಕ್ಕಾಗಲ್ಲ ನೋಡಿ,” ಎಂದು ನಗುತ್ತಾರೆ. ಗಂಗುಲಮ್ಮ ನಗುವುದಿಲ್ಲ.

ನಾಲ್ಕು ವರ್ಷದಿಂದ ಅವರು ಸದ್ದು ಏರಿಸುವುದನ್ನು ಪೂರ್ತಿ ಬಿಟ್ಟಿದ್ದಾರೆ. ಅಷ್ಟೇ ಅಲ್ಲ, ಹಿಂದೆ ತಾವೇ ಏರಿಸಿದ ಸೆಟ್ಟು ಬೇರೇನೋ ರಿಪೇರಿಗೆಂದು ಬಂದರೆ, ಸೀಸೆಯಿಂದ ಒಂದು ರೆಸಿಸ್ಟರ್ ತೆಗೆದು ಒಳಗೆ ಬೆಸುಗೆ ಹಾಕಿ ಕಳಿಸುತ್ತಾರೆ. ಇಲ್ಲಿಯವರೆಗೆ ಅರವತ್ತೆರಡು ಸೆಟ್ಟು. ಬಹಳ ಜನ ಮುಂದಿನ ಬೀದಿಯ ಅಂಗಡಿಗೆ ಹೋಗಿ ಮತ್ತೆ ಕೀಳಿಸಿಕೊಳ್ಳುತ್ತಾರೆ. ಅಲ್ಲಿ ಐದು ನಿಮಿಷದ ಕೆಲಸ.

ನಾವು ಹೋದ ದಿನ ಐದೂವರೆಗೆ ಲಾವಣ್ಯ ಬಂದರು. ಇಪ್ಪತ್ತಾರು ವರ್ಷದ ಅವರು ಟ್ವಿಸ್ಟಿಂಗ್ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಇದ್ದಾರೆ. ಆರಕ್ಕೆ ಪಾಳಿ ಶುರು. ಅವರ ಸೆಟ್ಟಿನ ಸದ್ದು ಏರಿಸಿದವರು ಆವಲಪ್ಪನೇ, 2002ರಲ್ಲಿ, ಡಾಕ್ಟರ ಮಾತು ಕೇಳಿ ಬಂದ ಮೇಲೆ. ಮೊನ್ನೆ ವೈರ್ ಕಿತ್ತುಹೋಯಿತೆಂದು ಕೊಟ್ಟಿದ್ದರು. ಆವಲಪ್ಪ ರಿಪೇರಿ ಮಾಡಿ ವಾಪಸ್ ಕೊಟ್ಟದ್ದನ್ನು ಕಿವಿಗಿಟ್ಟು ನೋಡಿ ಮುಖ ಗಂಟಿಕ್ಕಿದರು.

“ಏನಣ್ಣ ಇದು, ಸೌಂಡೇ ಸತ್ತೋಗಿದೆ?”

“ನಾನೇ ಕಮ್ಮಿ ಮಾಡಿದ್ದು ಕಣಮ್ಮ.”

“ಯಾರನ್ನ ಕೇಳಿ ಮಾಡ್ದೆ? ಹತ್ತು ಗಂಟೆ ನಿಂತಿರೋಳು ನಾನು. ಹಾಡಿಲ್ದೆ ಇದ್ರೆ ನಿದ್ದೆ ಬರುತ್ತೆ, ನೂಲು ಕಿತ್ತೋದ್ರೆ ಸೂಪರ್‌ವೈಸರ್ ಬಾಯಿ ಮಾಡ್ತಾನೆ.” ಲಾವಣ್ಯ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಾರೆ, ಅದು ಅವರಿಗೆ ಗೊತ್ತಿಲ್ಲ. “ನಿಂಗೆ ಕೇಳ್ಸಲ್ಲ ಅಂತ ನಂಗೂ ಕೇಳ್ಸಬಾರ್ದಾ?”

ಆವಲಪ್ಪನಿಗೆ ತುಟಿಯಲ್ಲೇ ಅರ್ಥವಾಯಿತು. ಮೇಜಿನಿಂದ ಒಂದು ಮೌಸು ತೆಗೆದುಕೊಂಡು, ಆಕೆಯನ್ನು ಬಾಗಿಲಿನಾಚೆ ಬೀದಿ ಕಡೆ ಮುಖ ಮಾಡಿ ನಿಲ್ಲಿಸಿ, ಪಕ್ಕದಲ್ಲಿ ಗಂಗುಲಮ್ಮನನ್ನೂ ನಿಲ್ಲಿಸಿದರು. ತಾವು ಒಳಗಿನ ಗೋಡೆಗೆ ಒರಗಿ ಗುಂಡಿ ಒತ್ತಿದರು. ಟಿಕ್. ಗಂಗುಲಮ್ಮ ಕೈ ಎತ್ತಿದರು. ಲಾವಣ್ಯ ಎತ್ತಲಿಲ್ಲ.

ಒಂದು ಹಾಸುಗಲ್ಲು ಮುಂದೆ ಬಂದು ಮತ್ತೆ ಒತ್ತಿದರು. ಇನ್ನೊಂದು. ಮತ್ತೊಂದು. ಪ್ರತಿ ಸಲ ಗಂಗುಲಮ್ಮನ ಕೈ ಮಾತ್ರ ಮೇಲೆ. ಆರನೇ ಕಲ್ಲಿಗೆ, ಆವಲಪ್ಪ ಆಕೆಯ ಬೆನ್ನಿನಿಂದ ಒಂದು ಮೊಳ ದೂರಕ್ಕೆ ಬಂದಾಗ, ಲಾವಣ್ಯ ಕೈ ಎತ್ತಿದರು.

ತಿರುಗಿ ನೋಡಿದವರು ಪಕ್ಕದಲ್ಲಿ ಎತ್ತಿದ್ದ ಕೈ ನೋಡಿದರು. “ಅಕ್ಕಂಗೆ ಎಲ್ಲಿಂದ ಕೇಳ್ತು?”

“ಗೋಡೆ ಹತ್ರದಿಂದಾನೆ ಕಣಮ್ಮ,” ಎಂದರು ಗಂಗುಲಮ್ಮ. ಆಕೆಗೆ ನಲವತ್ತು ಹತ್ತಿರ.

ಆವಲಪ್ಪ ಮೇಜಿನ ಕೆಳಗಿನಿಂದ ತಾವೇ ಸ್ಪಂಜು ತುಂಬಿ ಮಾಡಿದ ದೊಡ್ಡ ಹೆಡ್‌ಫೋನ್ ತೆಗೆದರು. ಹೊರಗಿನ ಸದ್ದು ತಡೆದರೆ ಒಳಗಿನ ಹಾಡು ಮೆಲ್ಲಗಿದ್ದರೂ ಸಾಕಾಗುತ್ತದೆ ಎನ್ನುವುದು ಅವರ ಲೆಕ್ಕ. ಆರು ಜೊತೆ ಮಾಡಿಟ್ಟಿದ್ದಾರೆ. ಒಬ್ಬರೂ ಒಯ್ದಿಲ್ಲ.

“ಇದು ಹಾಕ್ಕೊಂಡ್ರೆ ಸೂಪರ್‌ವೈಸರ್ ಕೂಗಿದ್ದು ಕೇಳ್ಸಲ್ಲ,” ಎಂದರು ಲಾವಣ್ಯ. ಅದೂ ನಿಜವೇ.

ಹಳೆಯ ಸೆಟ್ಟಿಗೆ ವೈರ್ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟರು. ಈ ದಿನವಂತೂ ಕಡಿಮೆ ಸದ್ದಿನಲ್ಲೇ ಕೇಳಬೇಕು. ಮುಂದಿನ ಬೀದಿಯ ಅಂಗಡಿ ಒಂಬತ್ತಕ್ಕೆ ತೆಗೆಯುತ್ತದೆ. ಆದರೆ ಸಂಜೆ ಅವರ ಪಾಳಿ ಮುಗಿಯುವಾಗಲೂ ತೆರೆದಿರುತ್ತದೆ.

ಬಸ್ಸು ಸ್ಟಾರ್ಟ್ ಆಯಿತು. ಹನ್ನೊಂದರಲ್ಲಿ ಇನ್ನೂ ನಾಲ್ಕು ಇಯರ್‌ಫೋನು ಪರೀಕ್ಷೆಯಾಗದೆ ಉಳಿದಿದ್ದವು. ಅವು ನಾಳೆಗೆ. ಆವಲಪ್ಪ ಮೇಣದಬತ್ತಿ ಆರಿಸಿ, ಲೈಟ್ ಹಾಕಿ, ಮೌಸೊಂದರ ಹೊಟ್ಟೆ ಬಿಚ್ಚಿದರು. ಬೆಳಗಿನ ಈ ಒಂದು ಗಂಟೆಯಲ್ಲಿ ಕೇಳಿಸುವುದೂ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸವೆಯುತ್ತಿದೆ. ಎಡಗಿವಿ ಪೂರ್ತಿ ಹೋದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆವು. ಮನೆಯಲ್ಲಿ ಮಕ್ಕಳ ಕಿವಿಯಿಂದ ವೈರ್ ಎಳೆದು ಊಟಕ್ಕೆ ಕರೆಯುವ ನಮ್ಮಂಥವರು ಕೇಳಬೇಕಾದದ್ದು ಅವರ ಕಿವಿಯ ಬಗ್ಗೆ ಅಲ್ಲ, ನಮ್ಮ ಮಕ್ಕಳ ಕಿವಿಯ ಬಗ್ಗೆ.

“ಮೌಸ್ ಮಾಡ್ತೀನಿ,” ಎಂದರು.

ಮತ್ತೇನಾದರೂ ಆಸೆ ಇದೆಯೇ ಎಂದು ಕೇಳಿದ್ದು ಅವರಿಗೆ ತಿಳಿಯಲಿಲ್ಲ. ಗಂಗುಲಮ್ಮ ಬಾಗಿ ಕಿವಿಯಲ್ಲಿ ಹೇಳಿದರು. ಆವಲಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಆ ಹುಡುಗಿ ಒಂದಿನ ಅವಳಾಗೇ ಬರ್ಬೇಕು. ಅಣ್ಣ, ಜಾಸ್ತಿ ಆಯ್ತು, ಒಂಚೂರು ಕಮ್ಮಿ ಮಾಡ್ಕೊಡು ಅನ್ಬೇಕು. ನಂಗೆ ಕೇಳಿಸ್ದೆ ಇದ್ರೂ ಪರ್ವಾಗಿಲ್ಲ. ಇವಳು ಹೇಳ್ತಾಳೆ.”