ಗ್ಯಾಸ್ ಬಂದೈತಿ

ಹಾರೂಗೇರಿಯ ನಮ್ಮ ಓಣಿಯಲ್ಲಿ ಚನ್ನವ್ವನ ಜೋಳದ ರೊಟ್ಟಿಗೆ ಸರಿಸಾಟಿ ಇಲ್ಲ. ಅವಳ ಗೋಡೆಗೆ ಗೋಡೆ ಹಚ್ಚಿದ ಮನೆಯವಳು ನಾನು. ಆ ರೊಟ್ಟಿ ಬಡಿಯುವ ಸಪ್ಪಳಕ್ಕೇ ದಿನಾ ಏಳುವವಳು, ಹಾಗಾಗಿ ಪಕ್ಷಪಾತ ಮಾಡುತ್ತೇನೆ ಅಂದರೆ ಅನ್ನಿ. ಅಂಥವಳನ್ನು ಅವಳದೇ ಅಡುಗೆಮನೆಯಿಂದ ಹೊರಗೆ ಹಾಕಿದ್ದರು, ಅದೂ ಒಂದು ಮಾತಿನ ಸಲುವಾಗಿ.

ಸೊಸೆ ರೂಪಾಲಿ ನಿಪ್ಪಾಣಿಯವಳು, ತವರಿನಲ್ಲಿ ಮರಾಠಿ. ಕನ್ನಡ ಬೇಗ ಕಲಿತಳು, ಆದರೆ ಬಾಗಿಲಿರಲಿ, ನಳ ಇರಲಿ, ಟೀವಿ ಇರಲಿ, ಮುಚ್ಚಿದ್ದು, ಆರಿಸಿದ್ದು ಎಲ್ಲವೂ ಅವಳ ಬಾಯಲ್ಲಿ ‘ಬಂದ್’. ಕಟ್ಟಿಗೆ ಒಲೆಯ ಹೊಗೆಯಲ್ಲಿ ಕಣ್ಣು ಹಾಳು ಮಾಡಿಕೊಂಡಿದ್ದ ಅತ್ತೆಯನ್ನು ಗ್ಯಾಸಿನ ಮುಂದೆ ನಿಲ್ಲಿಸಿದವಳು ಅವಳೇ. ಕಣ್ಣೀರಿಲ್ಲದೆ ರೊಟ್ಟಿ ಬೇಯಿಸುವ ಸುಖ ಚನ್ನವ್ವನಿಗೆ ಕೂದಲು ಬೆಳ್ಳಗಾದ ಮೇಲೆ ಸಿಕ್ಕಿತ್ತು. ಅದನ್ನು ಅವಳು ಹಬ್ಬದ ಹಾಗೆ ಅನುಭವಿಸುತ್ತಿದ್ದಳು.

ಒಂದು ದಿನ ಮಗ ಮಲ್ಲೇಶ ಚಹಾಕ್ಕೆ ಇಟ್ಟಾಗ ಸಿಲಿಂಡರ್ ಖಾಲಿಯಾಗಿ ಉರಿ ಆರಿತು. ಅಷ್ಟರಲ್ಲಿ ಸಿಲಿಂಡರಿನ ಗಾಡಿ ಬಂತು. ಹೊಸದನ್ನು ಜೋಡಿಸಿ, ರೆಗ್ಯುಲೇಟರ್ ತಿರುವಿ, ಚಹಾದ ಆಸೆ ಬಿಟ್ಟು ಕಬ್ಬಿನ ಹೊಲಕ್ಕೆ ನಡೆದುಬಿಟ್ಟ. ಒಲೆಯ ಗುಂಡಿ ತೆರೆದೇ ಇತ್ತು, ಮಹಾರಾಯನಿಗೆ ಅದರ ನೆನಪೇ ಇಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ರೂಪಾಲಿ ಅಲ್ಲಿಂದಲೇ ಕೇಳಿದಳು:

“ಅತ್ತಿ, ಗ್ಯಾಸ್ ಬಂದೈತೇನ್ರಿ?”

ಅವಳು ಕೇಳಿದ್ದು ಬಂದ್ ಆಗಿದೆಯೇ ಎಂದು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಚನ್ನವ್ವನ ತಲೆಯಲ್ಲಿ ಇದ್ದದ್ದು ಈಗಷ್ಟೇ ಬಂದು ಹೋದ ಗಾಡಿ.

“ಹೂನ ಬೇ, ಬಂದೈತಿ.”

ಸೊಸೆ ನಿಶ್ಚಿಂತೆಯಿಂದ ಬಟ್ಟೆ ಒಗೆದು ಮುಗಿಸಿ, ನೆಗಡಿ ಕಟ್ಟಿದ ಮೂಗಿನಲ್ಲೇ ಒಳಗೆ ಹೋಗಿ ಲೈಟರ್ ಒತ್ತಿದಳು. ಭುಗ್ಗೆಂದಿತು. ಹುಬ್ಬು, ಮುಂಗೂದಲು ಸುಟ್ಟವು. ಅಷ್ಟಕ್ಕೇ ಮುಗಿದದ್ದು ಪುಣ್ಯ.

ಸಂಜೆ ಮಲ್ಲೇಶ ಮನೆಯಲ್ಲೇ ಪಂಚಾಯ್ತಿ ಮಾಡಿ ಮುಗಿಸಿದ. ತಪ್ಪು ಯಾರದೆಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ, ಅವ್ವ ಗ್ಯಾಸ್ ಮುಟ್ಟಬಾರದು, ಅವಳಿಗೆ ತಿಳಿಯುವುದಿಲ್ಲ ಎಂದ. ಚನ್ನವ್ವ ಮರುದಿನದಿಂದ ಮತ್ತೆ ಹಿತ್ತಲಿನ ಕಟ್ಟಿಗೆ ಒಲೆಗೆ ಬಂದಳು. ನನ್ನ ಕಟ್ಟೆಯ ಮೇಲೆ ಕೂತು ಅತ್ತಳು. ಅವನ ಕಿವಿ ಹಿಂಡಿ ಬರಲೇ ಎಂದು ನಾನು ಎದ್ದೇ ಬಿಟ್ಟಿದ್ದೆ, ಅವಳು ಸೆರಗು ಹಿಡಿದು ಕೂರಿಸಿದಳು.

ಅತ್ತೆ ಸೊಸೆ ಆ ದಿನದ ಮಾತನ್ನು ಬಿಡಿಸಿ ನೋಡಿದ್ದು ಸುಟ್ಟ ಹುಬ್ಬು ಮತ್ತೆ ಮೂಡುವ ಹೊತ್ತಿಗೆ. ನೀ ಏನ ಕೇಳಿದಿ, ನೀವು ಏನ ಅಂದ್ರಿ ಎನ್ನುತ್ತಾ ಹೊರಟವರು ಹೊಟ್ಟೆ ಹಿಡಿದು ನಕ್ಕರು. ಅವತ್ತಿನಿಂದ ಗ್ಯಾಸಿನ ವಿಷಯಕ್ಕೆ ‘ಬಂದ್’ ಅನ್ನುವ ಶಬ್ದಕ್ಕೇ ಬಹಿಷ್ಕಾರ. ಗುಂಡಿ ಮುಚ್ಚಿದರೆ ‘ಕಿವಿ ಹಿಂಡೇನಿ’ ಅನ್ನಬೇಕು. ಮಲ್ಲೇಶ ಹೊಲಕ್ಕೆ ಹೋದ ಮೇಲೆ ಸೊಸೆಯ ಶಾಲೆ ಶುರು: ಸೆರಗು ಸೊಂಟಕ್ಕೆ ಸಿಕ್ಕಿಸಬೇಕು, ಹಂಚಿನ ಹಿಡಿಕೆ ಗೋಡೆಯ ಕಡೆ ಇರಬೇಕು, ಅಡುಗೆ ಮುಗಿದರೆ ರೆಗ್ಯುಲೇಟರಿನ ಕಿವಿಯನ್ನೂ ಹಿಂಡಬೇಕು, ವಾಸನೆ ಬಂದರೆ ಬೆಂಕಿಯೂ ಬೇಡ, ಕರೆಂಟಿನ ಗುಂಡಿಯೂ ಬೇಡ. ಚನ್ನವ್ವ ಎಲ್ಲವನ್ನೂ ಬಾಯಿಪಾಠ ಮಾಡಿದಳು. ಆದರೂ ರೊಟ್ಟಿ ಮಾತ್ರ ಹೊಗೆಯಲ್ಲೇ. ಮಗನ ಅಪ್ಪಣೆ ಇನ್ನೂ ಸಡಿಲವಾಗಿರಲಿಲ್ಲ.

ಒಂದು ಮಧ್ಯಾಹ್ನ ಕಟ್ಟಿಗೆ ಒಲೆಯ ಮುಂದೆ ಕೂತಿದ್ದವಳ ಮೂಗಿಗೆ ಆ ವಾಸನೆ ಬಡಿಯಿತು. ತಿರುಗಿ ನೋಡಿದರೆ, ಹೊಲದಿಂದ ಬೆವರಿ ಬಂದ ಮಲ್ಲೇಶ ಅಡುಗೆಮನೆಯಲ್ಲಿ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ್ದ.

“ಮಲ್ಲೇಶಾ, ಕೈ ಹಚ್ಚಬ್ಯಾಡ. ಹೊರಗ ನಡಿ.”

ಅವಳು ಕೂಗಲಿಲ್ಲ. ಆದರೆ ಆ ದನಿಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಹಿಟ್ಟು ನಾದಲು ಇಟ್ಟಿದ್ದ ನೀರನ್ನೆಲ್ಲ ಕಟ್ಟಿಗೆ ಒಲೆಗೆ ಸುರಿದು ಕೆಂಡ ಆರಿಸಿದಳು. ಒಳಗೆ ಹೋಗಿ ರೆಗ್ಯುಲೇಟರಿನ ಕಿವಿ ಹಿಂಡಿದಳು, ಕಿಟಕಿ ಬಾಗಿಲು ತೆರೆದಳು, ಗೋಡೆಯಾಚೆ ಇದ್ದ ನನ್ನನ್ನೂ ಸೇರಿಸಿ ಎಲ್ಲರನ್ನೂ ಓಣಿಗೆ ಅಟ್ಟಿದಳು. ರಿಪೇರಿಯವನು ಬಂದು ಪೈಪು ಬಿಚ್ಚಿ ತೋರಿಸಿದ: ಇಲಿ ಅದನ್ನು ಕಡಿದಿತ್ತು. ಮಲ್ಲೇಶನ ಮುಖ ನೋಡಬೇಕಿತ್ತು. ನನಗಂತೂ ಎದೆ ಉಬ್ಬಿ ಬಂತು, ಅವಳ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಹೊಸ ಪೈಪು ಕೂತ ಮೇಲೆ ಮಲ್ಲೇಶ ಲೈಟರ್ ತಂದು ತಾಯಿಯ ಮುಂದೆ ಹಿಡಿದ. ಇನ್ನು ಒಲೆ ಅವಳದೇ ಎಂದ, ತಾನು ಅಂದದ್ದು ತಪ್ಪಾಯಿತೆಂದೂ ಅಂದ.

ಚನ್ನವ್ವ ಲೈಟರ್ ಇಸಿದುಕೊಂಡು ಸೆರಗು ಸಿಕ್ಕಿಸಿದಳು. “ಹಚ್ತೇನಿ. ಆದ್ರ ನೀ ರೂಪಾಲಿ ಪಾಠ ಎಲ್ಲಾ ಕಲತ ಒಪ್ಪಸೂತನಕ ಈ ಅಡಗಿಮನಿ ಹೊಸ್ತಿಲ ದಾಟಬ್ಯಾಡ.”

ಅವನು ನಕ್ಕ. ಅವಳು ನಗಲಿಲ್ಲ. ಮೊದಲ ರೊಟ್ಟಿ ಬುರುಬುರು ಉಬ್ಬಿತು, ಮೇಲೆ ಶೇಂಗಾ ಚಟ್ನಿ ಹಾಕಿ ಕೈ ಚಾಚಿ ಕೊಟ್ಟಳು. ಊರಲ್ಲಿ ಹತ್ತು ಜನರಿಗೆ ಬುದ್ಧಿ ಹೇಳುವ ಮಲ್ಲೇಶ ಅದನ್ನು ಹೊಸ್ತಿಲಾಚೆ ನಿಂತೇ ತಿಂದ.